ವಿಮಾನದ ಕೋರ್ಸು ಮತ್ತು ಒಂದೂವರೆ ಎಕರೆ ಎರಿ ಹೊಲ

ಮೇ ತಿಂಗಳು ಬಂತೆಂದರೆ ನಮ್ಮ ಕಡೆಯ ಹಳ್ಳಿಗಳಿಗೆ ಎರಡು ಥರದ ಮಂದಿ ಕರಪತ್ರ ಹಿಡಿದು ಬರುತ್ತಾರೆ. ಬೀಜದ ಕಂಪನಿಯವರು ಮತ್ತು ಕಾಲೇಜಿನವರು. ಬೀಜದ ಚೀಲಕ್ಕೆ ಒಂದು ಚೀಟಿ ಇರುತ್ತದೆ. ಮೊಳಕೆ ಪ್ರಮಾಣ ಇಷ್ಟು, ಶುದ್ಧತೆ ಇಷ್ಟು, ಇಂಥ ತಾರೀಖಿನೊಳಗೆ ಬಿತ್ತಬೇಕು ಎಂದು ಬರೆದಿರುತ್ತದೆ. ಬಿತ್ತಿದ್ದು ಹುಟ್ಟದಿದ್ದರೆ ಆ ಚೀಟಿ ಹಿಡಿದು ಕೃಷಿ ಇಲಾಖೆಯ ಬಾಗಿಲಿಗಾದರೂ ಹೋಗಬಹುದು. ಕಾಲೇಜಿನ ಕರಪತ್ರಕ್ಕೆ ಅಂಥ ಚೀಟಿ ಇರುವುದಿಲ್ಲ. ಫೋಟೊ ಇರುತ್ತದೆ.

2025ರ ಮೇ ತಿಂಗಳಲ್ಲಿ ಕುಬಿಹಾಳದ ನಮ್ಮ ಕಾಕಾನ ಮನೆಗೆ ಬಂದ ಕರಪತ್ರದ ಮೇಲಿದ್ದದ್ದು ಪೈಲಟ್ ಫೋಟೊ. ಬಿಳಿ ಅಂಗಿ, ಹೆಗಲ ಮೇಲೆ ನಾಲ್ಕು ಪಟ್ಟಿ, ಕಂಕುಳಲ್ಲಿ ಟೊಪ್ಪಿಗೆ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಬಿಬಿಎ ಏವಿಯೇಷನ್ ಮ್ಯಾನೇಜ್‌ಮೆಂಟ್, ಫ್ಲೈಟ್ ಟ್ರೇನಿಂಗ್ ಸಹಿತ’. ಬೆಂಗಳೂರಿನ ಹೊರವಲಯದ ಒಂದು ಖಾಸಗಿ ವಿಶ್ವವಿದ್ಯಾಲಯದ್ದು. ಕಾಕಾನ ಮಗಳು, ಅಂದರೆ ನನ್ನ ತಂಗಿ, ಅದೇ ತಾನೆ ಪಿಯುಸಿ ಸೈನ್ಸ್ ಮುಗಿಸಿದ್ದಳು. ಗಣಿತ, ಭೌತಶಾಸ್ತ್ರ ಎರಡರಲ್ಲೂ ಎಂಬತ್ತರ ಮೇಲೆ ಅಂಕ. ಏಳನೇ ಕ್ಲಾಸಿನಲ್ಲಿದ್ದಾಗಿನಿಂದ ಆಕೆ ಹೇಳುತ್ತಿದ್ದದ್ದು ಒಂದೇ ಮಾತು: ‘ನಾ ಪೈಲಟ್ ಆಗಾಕಿ.’

ಕುಬಿಹಾಳ ಕುಂದಗೋಳ ತಾಲೂಕಿನ ಎರಿ ಭೂಮಿಯ ಊರು. ಮುಂಗಾರಿಗೆ ಹೆಸರು, ಹತ್ತಿ, ಮೆಣಸಿನಕಾಯಿ, ಶೇಂಗಾ. ಹಿಂಗಾರಿಗೆ ಕಡ್ಲಿ, ಜೋಳ. ಎಲ್ಲ ಮಳೆಯ ಮೇಲೆ. ಇಂಥ ಊರಿನ ಹುಡುಗಿಗೆ ವಿಮಾನದ ಹುಚ್ಚು ಎಲ್ಲಿಂದ ಬಂತು ಎಂದು ಬೇರೆ ಕಡೆಯವರು ಕೇಳಬಹುದು. ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದಲ್ಲಿ 2017ರ ಕೊನೆಗೆ ಹೊಸ ಟರ್ಮಿನಲ್ ಆಯಿತು. ಮರುವರ್ಷದಿಂದ ಉಡಾನ್ ಯೋಜನೆಯ ವಿಮಾನಗಳು ಬಂದವು. ಅಲ್ಲಿಯವರೆಗೆ ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದದ್ದು ಆಮೇಲೆ ದಿನಚರಿಯಾಯಿತು. ಹೊಲದಲ್ಲಿ ಕಸ ತೆಗೆಯುವ ನಮ್ಮ ಹೆಣ್ಣುಮಕ್ಕಳು ‘ಬೆಂಗಳೂರ ವಿಮಾನ ಹೋತು, ಬುತ್ತಿ ಬಿಚ್ಚೂಣು’ ಅನ್ನುವಷ್ಟು. ಆ ಸಾಲಿನಲ್ಲಿ ಅವ್ವನ ಹಿಂದೆ ಕುರ್ಚಗಿ ಹಿಡಿದು ಕೂತಿದ್ದ ಹುಡುಗಿ ಮೇಲೆ ನೋಡಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಕಾಕಾನಿಗೆ ನಾಲ್ಕು ಎಕರೆ ಹೊಲ. ಮೂರು ವರ್ಷದ ಫೀ, ಹಾಸ್ಟೆಲ್, ಸಮವಸ್ತ್ರ ಎಲ್ಲ ಸೇರಿ ಹದಿನಾಲ್ಕು ಲಕ್ಷದ ಲೆಕ್ಕ ಬಂದಿತ್ತು. ಒಂದೂವರೆ ಎಕರೆ ಕೊಡುವುದೆಂದು ತೀರ್ಮಾನಿಸಿದ್ದ. ಹುಬ್ಬಳ್ಳಿಯ ಒಬ್ಬರು ಕೊಳ್ಳಲು ತಯಾರಿದ್ದರು. 2020ರ ಭೂ ಸುಧಾರಣೆ ತಿದ್ದುಪಡಿಯ ನಂತರ ಒಕ್ಕಲುತನ ಮಾಡದವರೂ ಹೊಲ ಕೊಳ್ಳಬಹುದು. ಹುಬ್ಬಳ್ಳಿಗೆ ಹತ್ತಿರದ ನಮ್ಮಂಥ ಊರುಗಳಲ್ಲಿ ಗಿರಾಕಿಗೆ ಕಾಯುವುದು ಬೇಕಿಲ್ಲ. ಬರುವ ಸೋಮವಾರ ಸಂಚಕಾರ ಎಂದು ಮಾತಾಗಿತ್ತು. ಅದಕ್ಕೆ ಮೊದಲು ನನ್ನನ್ನು ಕರೆಸಿದ.

‘ಹೊಲಾ ಮಾರಿ ಲಗ್ನ ಮಾಡಾವ್ರು ಊರ ತುಂಬ ಅದಾರೋ ತಮ್ಮಾ,’ ಅಂದ. ‘ಯಾರೂ ಏನೂ ಅನ್ನೂದಿಲ್ಲ. ಹೊಲಾ ಮಾರಿ ಮಗಳನ್ನ ಓದಿಸ್ತೀನಿ ಅಂದ್ರ ಹುಚ್ಚ ಅಂತಾರ. ಅನ್ನಲಿ ಬಿಡು. ನೀ ಪೇಪರಿನ್ಯಾಗ ಬರೀತಿ, ನಿನಗ ನಾಕ್ ಮಂದಿ ಗೊತ್ತು. ಈ ಕೋರ್ಸು ಖರೇನೋ ಸುಳ್ಳೋ ಅಷ್ಟು ಹೇಳು.’

ಕೋರ್ಸು ಸುಳ್ಳಲ್ಲ. ಮೊದಲು ಅದನ್ನೇ ಹೇಳಬೇಕು. ಆ ವಿಶ್ವವಿದ್ಯಾಲಯ ಇದೆ, ಆ ಪದವಿ ಇದೆ. 2024–25ರಿಂದ ಬಿಬಿಎ, ಬಿಸಿಎ ಕೋರ್ಸುಗಳು ಎಐಸಿಟಿಇ ವ್ಯಾಪ್ತಿಗೂ ಬಂದಿವೆ, ಆ ಮಾನ್ಯತೆಯ ಪತ್ರವೂ ಅವರ ಬಳಿ ಇದೆ. ಕಾಕಾ ಕೇಳಿದ ಪ್ರಶ್ನೆಗೆ ‘ಖರೇ’ ಎಂದು ಉತ್ತರ ಕೊಟ್ಟು ನಾನು ಚಹಾ ಕುಡಿದು ಎದ್ದು ಬರಬಹುದಿತ್ತು. ಆದರೆ ಕೇಳಬೇಕಾದ ಪ್ರಶ್ನೆ ಅದಲ್ಲ ಅನ್ನಿಸಿ ನಾಲ್ಕು ದಿನ ಸಮಯ ಕೇಳಿದೆ. ಫೋನು ಮಾಡಿ ಕೇಳುವುದು, ಕಾಗದ ತರಿಸಿ ಓದುವುದು ಹೆಂಗೂ ನನ್ನ ಕಸುಬು.

ಮೊದಲ ಫೋನು ಕರಪತ್ರದಲ್ಲಿದ್ದ ಕೌನ್ಸೆಲರ್‌ಗೆ. ‘ಫ್ಲೈಟ್ ಟ್ರೇನಿಂಗ್ ಸಹಿತ ಅಂತ ಬರೆದಿದ್ದೀರಿ, ಎಷ್ಟು ಗಂಟೆಯ ಹಾರಾಟ?’ ಎಂದೆ. ‘ಸಿಮ್ಯುಲೇಟರ್ ಎಕ್ಸ್‌ಪೋಷರ್ ಇರುತ್ತೆ ಸರ್.’ ‘ವಿಮಾನ?’ ‘ಅದಕ್ಕೆ ನಮ್ಮ ಪಾರ್ಟ್ನರ್ ಅಕಾಡೆಮಿ ಇದೆ ಸರ್. ಇಷ್ಟ ಇದ್ದವರು ಹೋಗಬಹುದು. ಫೀ ಸಪರೇಟ್.’ ‘ಎಷ್ಟು?’ ‘ಅದು ಆವಾಗಿನ ರೇಟಿನ ಮೇಲೆ ಸರ್.’ ಅವರು ಸುಳ್ಳು ಹೇಳಲಿಲ್ಲ. ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರಿಸಿದರು. ಕಾಕಾನ ಮನೆಗೆ ಬಂದವರನ್ನು ಯಾರೂ ಹಾಗೆ ಕೇಳಿರಲಿಲ್ಲ, ಅಷ್ಟೆ.

ವಿಷಯ ಇಷ್ಟು. ಪದವಿ ಕೊಡುವುದು ವಿಶ್ವವಿದ್ಯಾಲಯ. ವಿಮಾನ ಹಾರಿಸುವ ಲೈಸನ್ಸ್ ಕೊಡುವುದು ಕೇಂದ್ರ ಸರಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಎಲ್ಲರೂ ಕರೆಯುವಂತೆ ಡಿಜಿಸಿಎ. ಇವೆರಡಕ್ಕೂ ಸಂಬಂಧವೇ ಇಲ್ಲ. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿದ ಮಾತ್ರಕ್ಕೆ ಆರ್‌ಟಿಒ ಕಚೇರಿಯಲ್ಲಿ ಲಾರಿ ಓಡಿಸುವ ಲೈಸನ್ಸ್ ಕೊಡುತ್ತಾರೆಯೇ? ಹಾಗೇ ಇದು. ಇನ್ನೂ ಒಂದು ಮಾತು: ಕಮರ್ಷಿಯಲ್ ಪೈಲಟ್ ಲೈಸನ್ಸ್, ಅಂದರೆ ಸಿಪಿಎಲ್ ಪಡೆಯಲು ಪದವಿಯೇ ಬೇಕಿಲ್ಲ. ಭೌತಶಾಸ್ತ್ರ, ಗಣಿತ ಇರುವ ಪಿಯುಸಿ ಸಾಕು, ಹದಿನೆಂಟು ತುಂಬಿರಬೇಕು. ಅಂದರೆ ನನ್ನ ತಂಗಿ ಪೈಲಟ್ ಆಗಲು ಬೇಕಾದ ಓದು ಆಗಲೇ ಮುಗಿದಿತ್ತು. ಹದಿನಾಲ್ಕು ಲಕ್ಷ ಕೊಟ್ಟು ಮೂರು ವರ್ಷ ಓದಿದ ಮೇಲೂ ಆಕೆ ನಿಲ್ಲುತ್ತಿದ್ದದ್ದು ಇವತ್ತು ನಿಂತಿರುವ ಜಾಗದಲ್ಲೇ.

ಹಾಗಾದರೆ ಬಿಬಿಎ ಏವಿಯೇಷನ್ ಯಾತಕ್ಕೆ? ಅದಕ್ಕೂ ಕೆಲಸವಿದೆ. ವಿಮಾನ ನಿಲ್ದಾಣ ನಡೆಸುವುದು, ಸರಕು ಸಾಗಣೆ, ಟಿಕೆಟ್ ದರ ನಿಗದಿ, ನಿಲ್ದಾಣದ ಸುರಕ್ಷತೆಯ ನಿಯಮ, ಕಂಪನಿಗಳ ಹಣಕಾಸು ಇವೆಲ್ಲ ಅದರಲ್ಲಿ ಪಾಠ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರಕಾರವೇ 2013ರ ಕಾಯ್ದೆಯಿಂದ ರಾಜೀವ್ ಗಾಂಧಿ ರಾಷ್ಟ್ರೀಯ ವಿಮಾನಯಾನ ವಿಶ್ವವಿದ್ಯಾಲಯ ಮಾಡಿದೆ. ಅಲ್ಲಿಯೂ ಇಂಥ ಮ್ಯಾನೇಜ್‌ಮೆಂಟ್ ಪದವಿ ಇದೆ. ನೆಲದ ಮೇಲಿನ ಕೆಲಸ ಇಷ್ಟಪಡುವವರಿಗೆ ಅದು ಸರಿಯಾದ ದಾರಿಯೇ. ಅಂಥ ಪದವಿ ಮುಗಿಸಿ ದೇವನಹಳ್ಳಿಯಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಮೂವರನ್ನು ಮಾತಾಡಿಸಿದೆ. ಚೆಕ್-ಇನ್ ಕೌಂಟರಿನಲ್ಲಿ ಒಬ್ಬ, ಬ್ಯಾಗೇಜ್ ವಿಭಾಗದಲ್ಲಿ ಒಬ್ಬ, ಕಾರ್ಗೋದಲ್ಲಿ ಒಬ್ಬಳು. ಸೇರಿದಾಗ ಕೈಗೆ ಇಪ್ಪತ್ತು ಸಾವಿರದ ಆಸುಪಾಸು, ಪಾಳಿ ಕೆಲಸ, ಬಾಡಿಗೆ ಮನೆ. ಕಾರ್ಗೋದ ಹುಡುಗಿ ಹೇಳಿದ್ದು ಮನಸ್ಸಿನಲ್ಲಿ ಉಳಿದಿದೆ: ‘ಕೆಲಸ ಛಲೋ ಐತಿ ಅಣ್ಣಾ. ಆದ್ರ ನಮ್ಮ ಬ್ಯಾಚಿನ್ಯಾಗ ಬಿಕಾಂ ಮಾಡಿ ಬಂದವರೂ ನನ್ನ ಬಾಜೂನ ಅದಾರ, ಅದ ಪಗಾರಕ್ಕ.’

ಇನ್ನು ಹಾರುವ ದಾರಿ. ಅದಕ್ಕೆ ಏನೇನು ಬೇಕು ಎಂಬುದನ್ನು ಒಂದು ವಹಿಯಲ್ಲಿ ಬರೆದುಕೊಂಡೆ. ಓದುಗರಿಗೂ ಉಪಯೋಗ ಆಗಬಹುದು ಎಂದು ಇಲ್ಲಿ ಹೇಳುತ್ತೇನೆ.

ಮೊದಲು ವೈದ್ಯಕೀಯ ಪರೀಕ್ಷೆ. ಎರಡನೇ ದರ್ಜೆಯದು ಆರಂಭಕ್ಕೆ, ಒಂದನೇ ದರ್ಜೆಯದು ಲೈಸನ್ಸಿಗೆ. ಕಣ್ಣು, ಕಿವಿ, ಹೃದಯ, ರಕ್ತ ಎಲ್ಲ ನೋಡುತ್ತಾರೆ. ಚಷ್ಮಾ ಇದ್ದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ, ಆದರೆ ಬಣ್ಣ ಗುರುತಿಸುವುದರಲ್ಲಿ ದೋಷವಿದ್ದರೆ ಕಷ್ಟ. ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಈ ಪರೀಕ್ಷೆಯ ದೊಡ್ಡ ಕೇಂದ್ರಗಳಲ್ಲಿ ಒಂದು. ಕೆಲವು ಸಾವಿರದಲ್ಲಿ ಮುಗಿಯುವ ಈ ಪರೀಕ್ಷೆಯನ್ನು ಲಕ್ಷಗಟ್ಟಲೆ ಫೀ ಕಟ್ಟಿದ ಮೇಲೆ ಮಾಡಿಸುವವರು ಬಹಳ. ಬೋರ್ ಕೊರೆಸಿದ ಮೇಲೆ ನೀರು ಇದೆಯೇ ಎಂದು ತೆಂಗಿನಕಾಯಿ ಹಿಡಿದು ನೋಡಿದ ಹಾಗೆ.

ಆಮೇಲೆ ಡಿಜಿಸಿಎ ಪರೀಕ್ಷೆಗಳು. ಏರ್ ನ್ಯಾವಿಗೇಷನ್, ಹವಾಮಾನ, ಏರ್ ರೆಗ್ಯುಲೇಷನ್, ಟೆಕ್ನಿಕಲ್. ತೇರ್ಗಡೆಗೆ ನೂರಕ್ಕೆ ಎಪ್ಪತ್ತು ಬೇಕು. ಜೊತೆಗೆ ರೇಡಿಯೊದಲ್ಲಿ ಮಾತಾಡುವ ಲೈಸನ್ಸ್ ಬೇರೆ. ಎಲ್ಲ ಇಂಗ್ಲಿಷಿನಲ್ಲಿ. ವಿಮಾನಯಾನದ ಇಂಗ್ಲಿಷಿಗೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಆರು ಹಂತಗಳಿವೆ, ನಾಲ್ಕನೆಯದನ್ನಾದರೂ ಮುಟ್ಟಬೇಕು. ಹತ್ತನೇ ಇಯತ್ತೆವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಸಣ್ಣ ಗುಡ್ಡವಲ್ಲ. ಆದರೆ ಏರಲಾರದ ಗುಡ್ಡವೂ ಅಲ್ಲ, ವರ್ಷ ಹಿಡಿಯುತ್ತದೆ.

ಆಮೇಲೆ ಹಾರಾಟ. ಒಟ್ಟು 200 ಗಂಟೆ. ಅದರಲ್ಲಿ 100 ಗಂಟೆ ತಾನೇ ಹೊಣೆ ಹೊತ್ತು ಹಾರಿಸಬೇಕು. ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಹಾರಾಟ 20 ಗಂಟೆ, ಅದರಲ್ಲಿ ಒಂದು ಸಲವಾದರೂ 300 ನಾಟಿಕಲ್ ಮೈಲಿ, ಅಂದರೆ ಸುಮಾರು 555 ಕಿಲೋಮೀಟರ್ ಹಾರಿ, ನಡುವೆ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದಿರಬೇಕು. ಉಪಕರಣ ನೋಡಿಯೇ ಹಾರಿಸುವುದು 10 ಗಂಟೆ. ರಾತ್ರಿ 5 ಗಂಟೆ, ಹತ್ತು ಸಲ ಏರಿ ಹತ್ತು ಸಲ ಇಳಿದು. ಸಾಮಾನ್ಯವಾಗಿ ಸೆಸ್ನಾ 172ರಂಥ ನಾಲ್ಕು ಸೀಟಿನ, ಒಂದು ಎಂಜಿನ್ನಿನ ಸಣ್ಣ ವಿಮಾನದಲ್ಲಿ ಕಲಿಯುತ್ತಾರೆ. ಅದು ಗಂಟೆಗೆ ಮೂವತ್ತು ಲೀಟರಿಗೂ ಹೆಚ್ಚು ಇಂಧನ ಕುಡಿಯುತ್ತದೆ. ಖರ್ಚೆಲ್ಲ ಇರುವುದು ಅಲ್ಲೇ. ಸರಕಾರದ್ದೇ ಆದ, ಫುರ್ಸತ್‌ಗಂಜ್‌ನ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯಲ್ಲೇ ಶುಲ್ಕ 45 ಲಕ್ಷದ ಆಸುಪಾಸು. ಖಾಸಗಿಯಲ್ಲಿ ಊಟ-ವಸತಿ ಸೇರಿ ಅರ್ಧ ಕೋಟಿ ದಾಟುವುದು ಸಾಮಾನ್ಯ. ಲೈಸನ್ಸ್ ಸಿಕ್ಕ ಮೇಲೂ ಏರ್‌ಬಸ್ ಎ320 ಅಥವಾ ಬೋಯಿಂಗ್ 737ರಂಥ ದೊಡ್ಡ ವಿಮಾನ ಹಾರಿಸಲು ಅದರದೇ ಟೈಪ್ ರೇಟಿಂಗ್ ತರಬೇತಿ ಬೇಕು. ಅದಕ್ಕೆ ಮತ್ತೆ ಹತ್ತು ಲಕ್ಷದ ಮೇಲೆ.

ಇಷ್ಟು ತಿಳಿದ ಮೇಲೆ ಕಾಕಾನ ಪ್ರಶ್ನೆ ತಿರುಗಿತು. ‘ಹಂಗಾದ್ರ ಸಾಲಾ ತಗೊಂಡು ನೇರ ಅದಕ್ಕ ಹಾಕೂಣು. ನಾಕ್ ಎಕರೆ ಉತಾರ ಬ್ಯಾಂಕಿನ್ಯಾಗ ಇಟ್ರ ಆತು.’

ಇಲ್ಲಿ ನಮ್ಮ ರೈತರಿಗೆ ಒಂದು ಪೇಚು ಇದೆ. ಶಿಕ್ಷಣ ಸಾಲ ಏಳೂವರೆ ಲಕ್ಷದವರೆಗೆ ಸಾಮಾನ್ಯವಾಗಿ ಆಸ್ತಿ ಅಡವಿಲ್ಲದೆ ಸಿಗುತ್ತದೆ. ಅದರ ಮೇಲಾದರೆ ಅಡವು ಕೇಳುತ್ತಾರೆ. ಪೇಟೆಯ ಪ್ಲಾಟು, ಪಕ್ಕಾ ಕಾಗದದ ಮನೆ, ಠೇವಣಿ ಇದ್ದರೆ ಸರಿ. ಕೃಷಿ ಭೂಮಿ ಎಂದರೆ ಮ್ಯಾನೇಜರ್ ತಲೆ ಅಲ್ಲಾಡಿಸುತ್ತಾರೆ. ಕಾರಣವಿದೆ. ಸಾಲ ತೀರದಿದ್ದಾಗ ಬ್ಯಾಂಕು ಕೋರ್ಟಿಗೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು ಬಳಸುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ರೈತನ ಹೊಲ ಉಳಿಯಲಿ ಎಂದು ಮಾಡಿದ ರಕ್ಷಣೆ ಅದು. ಆದರೆ ಮಗಳನ್ನು ಓದಿಸಬೇಕೆಂದು ಹೊರಟವನಿಗೆ ಅದೇ ಗೋಡೆಯಾಗುತ್ತದೆ. ಬೆಳೆ ಸಾಲಕ್ಕೆ ಆಗುವ ಉತಾರ ಶಿಕ್ಷಣ ಸಾಲಕ್ಕೆ ಆಗುವುದಿಲ್ಲ. ಹುಬ್ಬಳ್ಳಿಯಲ್ಲಿ ಒಂದು ಸೈಟು ಇದ್ದವನು ಅದನ್ನು ಅಡವಿಟ್ಟು ಮಗನನ್ನು ಓದಿಸಿ ಸೈಟು ಬಿಡಿಸಿಕೊಳ್ಳುತ್ತಾನೆ. ನಾಲ್ಕು ಎಕರೆ ಇದ್ದವನು ಮಾರಬೇಕು. ಮಾರಿದ್ದು ತಿರುಗಿ ಬರುವುದಿಲ್ಲ. ಕೋರ್ಸಿನ ಲೆಕ್ಕ ತಪ್ಪಿದರೆ ಪೇಟೆಯವನಿಗೆ ಕಂತು ಉಳಿಯುತ್ತದೆ, ನಮ್ಮವನಿಗೆ ಹೊಲವೇ ಉಳಿಯುವುದಿಲ್ಲ. ಆದ್ದರಿಂದ ಪ್ರಶ್ನೆ ಕೇಳುವ ಅಗತ್ಯ ನಮ್ಮವರಿಗೇ ಹೆಚ್ಚು.

ಪೈಲಟ್ ತರಬೇತಿ ನಮ್ಮ ಕಡೆಗೆ ಬರುತ್ತಿದೆ ಎಂಬ ಸುದ್ದಿ ಈ ಆಸೆಗೆ ಇನ್ನಷ್ಟು ಬಲ ಕೊಟ್ಟಿತ್ತು. ಅದೂ ನಿಜವೇ. ವಿಮಾನ ನಿಲ್ದಾಣ ಪ್ರಾಧಿಕಾರ 2021ರಲ್ಲಿ ಹಾರಾಟ ಶಾಲೆಗಳಿಗೆ ಜಾಗ ಕೊಟ್ಟ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇದ್ದವು. 2022ರ ಎರಡನೇ ಸುತ್ತಿನ ಪಟ್ಟಿಯಲ್ಲಿ ಹುಬ್ಬಳ್ಳಿಯ ಹೆಸರಿತ್ತು. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟಾಗ ‘ಸಾವಿರಾರು ಪೈಲಟ್ ಬೇಕು’ ಎಂದು ಎಲ್ಲ ಪತ್ರಿಕೆಗಳೂ ಬರೆದವು. ಕೌನ್ಸೆಲರ್ ಬಾಯಲ್ಲೂ ಅದೇ ಅಂಕಿ. ಆದರೆ ಆ ವಿಮಾನಗಳು ಬರುವುದು ವರ್ಷಗಳ ಸರದಿಯಲ್ಲಿ. ಮತ್ತು ಶಾಲೆ ಊರಿಗೆ ಹತ್ತಿರ ಬಂದರೆ ಉಳಿಯುವುದು ಹಾಸ್ಟೆಲ್ ಖರ್ಚು ಮಾತ್ರ. ವಿಮಾನದ ಇಂಧನ ಬೆಳಗಾವಿಯಲ್ಲಿ ಸುಟ್ಟರೂ ಅಷ್ಟೇ, ಬೇರೆಲ್ಲಿ ಸುಟ್ಟರೂ ಅಷ್ಟೇ.

ಶಾಲೆಯ ಆಯ್ಕೆಯೂ ಸುಲಭವಲ್ಲ. ನಮ್ಮ ಕಡೆಯವನೇ ಆದ ಒಬ್ಬ ತರುಣ ಪೈಲಟ್ ಫೋನಿನಲ್ಲಿ ಹೇಳಿದ: ‘ಹಾರಿದ ದಿನಕ್ಕಿಂತ ಕಾಯ್ದ ದಿನ ಜಾಸ್ತಿ. ಒಂದಿನ ಮಳಿ, ಒಂದಿನ ವಿಮಾನ ರಿಪೇರಿ, ಒಂದಿನ ಇನ್‌ಸ್ಟ್ರಕ್ಟರ್ ಇಲ್ಲ. ವರ್ಷದ ಕೋರ್ಸು ಮೂರು ವರ್ಷ ಆತು. ಅಲ್ಲಿತನಕ ರೂಮಿನ ಬಾಡಿಗೆ ಅಪ್ಪನ ತಲಿಮ್ಯಾಲ.’ ಎಲ್ಲಿ ಕಲಿತ ಎಂಬುದನ್ನು ಬರೆಯಬೇಡ ಎಂದಿದ್ದಾನೆ. ಅದಾದ ಕೆಲವು ತಿಂಗಳಿಗೆ, 2025ರ ಅಕ್ಟೋಬರ್‌ನಿಂದ ಡಿಜಿಸಿಎ ದೇಶದ ಹಾರಾಟ ಶಾಲೆಗಳಿಗೆ ದರ್ಜೆ ಕೊಡುವುದನ್ನು ಶುರು ಮಾಡಿತು. ಮೊದಲ ಪಟ್ಟಿಯ 35 ಶಾಲೆಗಳಲ್ಲಿ 13ಕ್ಕೆ ‘ಬಿ’, 22ಕ್ಕೆ ‘ಸಿ’. ಮೇಲಿನ ‘ಎ’ ದರ್ಜೆಗಳಲ್ಲಿ ಒಂದೂ ಇಲ್ಲ. ಬೀಜದ ಚೀಲದ ಮೇಲಿನ ಚೀಟಿಗೆ ಸಮನಾದದ್ದು ಈ ಒಂದು ಪಟ್ಟಿ. ಫೀ ಕಟ್ಟುವ ಮೊದಲು ನೋಡಲೇಬೇಕು.

ಹಾಗಂತ ಇದು ಯಾವತ್ತೂ ಉಳ್ಳವರದೇ ವಿದ್ಯೆಯಾಗಿತ್ತೇ ಎಂದರೆ, ನಮ್ಮ ನಾಡಿನ ಕತೆ ಬೇರೆ ಇದೆ. ಮೈಸೂರು ಸರಕಾರ ಬೆಂಗಳೂರಿನ ಜಕ್ಕೂರಿನಲ್ಲಿ ತನ್ನದೇ ಹಾರಾಟ ಶಾಲೆ ತೆರೆಯಿತು. 1949ರಲ್ಲಿ ಅಲ್ಲಿಂದ ಮೊದಲು ತೇರ್ಗಡೆಯಾದವರು ಒಬ್ಬ ಹೆಣ್ಣುಮಗಳು, ಉಷಾ ಸುಂದರಂ. ಗಂಡ ವಿ. ಸುಂದರಂ ಆ ಶಾಲೆಯ ಮುಖ್ಯಸ್ಥರು. ಮುಂದೆ ಈ ದಂಪತಿ ಲಂಡನ್ನಿನಿಂದ ಮುಂಬಯಿಗೆ ಡವ್ ವಿಮಾನವನ್ನು 27 ಗಂಟೆಯಲ್ಲಿ ತಂದು ದಾಖಲೆ ಮಾಡಿದರು. ಉಷಾ ಅವರೇನೂ ಬಡ ಮನೆಯವರಲ್ಲ, ಅದು ಬೇರೆ ಮಾತು. ಆದರೆ ಹಾರುವುದನ್ನು ಕಲಿಸುವುದು ಸರಕಾರದ ಕೆಲಸ ಎಂದು ಒಂದು ರಾಜ್ಯ ಎಪ್ಪತ್ತೈದು ವರ್ಷದ ಹಿಂದೆ ಅಂದುಕೊಂಡಿತ್ತು. ಆ ಶಾಲೆ ಇಂದಿಗೂ ಜಕ್ಕೂರಿನಲ್ಲಿದೆ. ಕೇಂದ್ರದ ಪರಿಶಿಷ್ಟ ಜಾತಿ, ಪಂಗಡದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಕೋರ್ಸುಗಳ ಪಟ್ಟಿಯಲ್ಲಿ ಸಿಪಿಎಲ್ ಹೆಸರೂ ಇದೆ. ನಮ್ಮ ತಾಲೂಕಿನ ಎಷ್ಟು ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ಇದನ್ನು ಯಾರಾದರೂ ನೋಡಿದ್ದಾರೆ?

ನಾಲ್ಕನೇ ದಿನ ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಕುಂತು ಇದನ್ನೆಲ್ಲ ಹೇಳಿದೆ. ಕಾಕಾ ಅಡಕೊತ್ತು ಕೈಯಲ್ಲಿ ಹಿಡಿದವನು ಅಡಕಿ ಕತ್ತರಿಸಲಿಲ್ಲ. ಚಿಗವ್ವ ಬಾಗಿಲ ಹತ್ತಿರ ನಿಂತಿದ್ದಳು. ಆಕೆಗೆ ಮೊದಲಿನಿಂದ ಬೇರೆಯೇ ಹೆದರಿಕೆ. 2023ರ ಮೇ ತಿಂಗಳಲ್ಲಿ ಬೆಳಗಾವಿ ಹತ್ತಿರದ ಹೊನ್ನಿಹಾಳದಲ್ಲಿ ಒಂದು ತರಬೇತಿ ವಿಮಾನ ಹೊಲದಲ್ಲಿ ತುರ್ತಾಗಿ ಇಳಿದದ್ದನ್ನು ಟಿವಿಯಲ್ಲಿ ನೋಡಿದ್ದಳು. ‘ಬೆಳಗಾಂವಿ ಹಂತ್ಯಾಕ ಹೊಲದಾಗ ಬಿದ್ದಿತ್ತಲ್ಲೋ, ಅಂಥಾದ್ದ ಅಲ್ಲನು ಇದು?’ ಎಂದಳು. ‘ಅಂಥಾದ್ದರಾಗ ಕಲಿಯೂದು ಚಿಗವ್ವ’ ಎಂದೆ. ಸುಳ್ಳು ಹೇಳಿ ಸಮಾಧಾನ ಮಾಡುವ ಮಾತಲ್ಲ ಅದು.

ತಂಗಿ ಮಾತ್ರ ಸುಮ್ಮನೆ ಕರಪತ್ರವನ್ನು ಮಡಚುತ್ತ, ಬಿಚ್ಚುತ್ತ ಕುಂತಿದ್ದಳು. ಕೊನೆಗೆ ಕೇಳಿದಳು: ‘ಅಣ್ಣಾ, ಹಂಗಾದ್ರ ನಾ ಹಾರೂದಿಲ್ಲೇನು?’

ಅದಕ್ಕೆ ನಾನು ಬರೆದುಕೊಂಡಿದ್ದ ವಹಿಯ ಕೊನೆಯ ಎರಡು ಪುಟ ತೆಗೆದೆ. ಅದರಲ್ಲಿದ್ದದ್ದು ಹೊಲ ಮಾರದೆ ಹೋಗಬಹುದಾದ ದಾರಿಗಳು.

ಒಂದು, ಎನ್‌ಡಿಎ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡುತ್ತದೆ. ಹೆಣ್ಣುಮಕ್ಕಳು 2022ರಿಂದ ಅಲ್ಲಿ ಸೇರುತ್ತಿದ್ದಾರೆ. ಆಯ್ಕೆಯಾದರೆ ಹಾರಾಟವೂ ಸೇರಿ ಎಲ್ಲ ಸರಕಾರದ ಖರ್ಚು. ತೊಡಕು ಎಂದರೆ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ, ವಯಸ್ಸಿನ ಮಿತಿ ಹತ್ತೊಂಬತ್ತೂವರೆಗೆ ಮುಗಿಯುತ್ತದೆ. ಪದವಿ ಮುಗಿಸಿ ವಾಯುಪಡೆಗೆ ಹೋಗಲು ಎಎಫ್‌ಕ್ಯಾಟ್ ಪರೀಕ್ಷೆ ಇದೆ.

ಇನ್ನೊಂದು ದಾರಿ ಕಂಡು ನನಗೇ ಆಶ್ಚರ್ಯವಾಯಿತು. ಆಕಾಶದಲ್ಲಿರುವ ಪೈಲಟ್‌ಗೆ ‘ಈಗ ಇಳಿ, ಈಗ ಏರು, ಇಷ್ಟು ಎತ್ತರದಲ್ಲಿ ಇರು’ ಎಂದು ಹೇಳುವವರು ಏರ್ ಟ್ರಾಫಿಕ್ ಕಂಟ್ರೋಲರ್. ಅವರನ್ನು ನೇಮಿಸುವುದು ವಿಮಾನ ನಿಲ್ದಾಣ ಪ್ರಾಧಿಕಾರ. ಕಾಕಾ ಸಂಚಕಾರಕ್ಕೆ ತಯಾರಾಗಿದ್ದ ಅದೇ ಮೇ ತಿಂಗಳಲ್ಲಿ ಅಂಥ 309 ಹುದ್ದೆಗಳಿಗೆ ಅರ್ಜಿ ಕರೆದಿದ್ದರು. ಅರ್ಹತೆ: ಭೌತಶಾಸ್ತ್ರ ಮತ್ತು ಗಣಿತ ಇರುವ ಬಿಎಸ್‌ಸಿ, ಇಲ್ಲವೇ ಎಂಜಿನಿಯರಿಂಗ್. ವಯಸ್ಸು ಇಪ್ಪತ್ತೇಳರೊಳಗೆ, ಮೀಸಲಾತಿಯವರಿಗೆ ಸಡಿಲಿಕೆ. ವೇತನ ಶ್ರೇಣಿ 40,000ದಿಂದ 1,40,000. ಪರೀಕ್ಷೆ, ಧ್ವನಿ ಪರೀಕ್ಷೆ, ವೈದ್ಯಕೀಯ ಪರೀಕ್ಷೆ. ಆಯ್ಕೆಯಾದವರಿಗೆ ತರಬೇತಿ ಕೊಡುವ ಹಳೆಯ ಕಾಲೇಜು ಪ್ರಯಾಗರಾಜ್‌ನಲ್ಲಿದೆ. ಈಗ ಹೊಂದಿಸಿ ನೋಡಿ. ಹದಿನಾಲ್ಕು ಲಕ್ಷದ ಬಿಬಿಎ ಏವಿಯೇಷನ್ ಓದಿದವರು ಈ ಹುದ್ದೆಗೆ ಅರ್ಜಿ ಹಾಕುವಂತಿಲ್ಲ. ಧಾರವಾಡದ ಕರ್ನಾಟಕ ವಿಜ್ಞಾನ ಕಾಲೇಜಿನಲ್ಲೋ, ಹುಬ್ಬಳ್ಳಿಯ ಯಾವುದೋ ಸಾದಾ ಕಾಲೇಜಿನಲ್ಲೋ ಬಸ್ ಪಾಸಿನಲ್ಲಿ ಓಡಾಡಿ ಬಿಎಸ್‌ಸಿ ಮಾಡಿದವರು ಹಾಕಬಹುದು. ‘ಏವಿಯೇಷನ್’ ಎಂಬ ಪದ ಸರ್ಟಿಫಿಕೇಟಿನಲ್ಲಿ ಎಲ್ಲೂ ಇರುವುದಿಲ್ಲ. ಆದರೂ ಕಂಟ್ರೋಲ್ ಟವರಿನ ಮೆಟ್ಟಿಲು ಅಲ್ಲಿಂದಲೇ ಏರುತ್ತದೆ.

ಮೂರನೆಯದು, ವಿಮಾನ ದುರಸ್ತಿಯ ಎಂಜಿನಿಯರ್ ಲೈಸನ್ಸ್. ಅದೂ ಡಿಜಿಸಿಎ ಕೊಡುವಂಥದ್ದು, ಅದು ಒಪ್ಪಿದ ಸಂಸ್ಥೆಗಳಲ್ಲಿ ಓದಬೇಕು. ಇದಕ್ಕೂ ಲಕ್ಷಗಳು ಬೇಕು, ಆದರೆ ಪೈಲಟ್ ತರಬೇತಿಯ ಲೆಕ್ಕದ ಮುಂದೆ ಕಡಿಮೆ.

ಸೋಮವಾರ ಸಂಚಕಾರ ಆಗಲಿಲ್ಲ. ತಂಗಿ ಹುಬ್ಬಳ್ಳಿಯಲ್ಲಿ ಬಿಎಸ್‌ಸಿ ಸೇರಿದಳು, ಭೌತಶಾಸ್ತ್ರ ಮತ್ತು ಗಣಿತ. ಇಷ್ಟಕ್ಕೆ ಎಲ್ಲ ಸುಖಾಂತ ಎಂದು ಬರೆದುಬಿಡಬಹುದು, ಆದರೆ ಹಾಗಾಗಲಿಲ್ಲ.

ಸುದ್ದಿ ಊರಲ್ಲಿ ಹರಡಿತು. ಬಸವಣ್ಣನ ಗುಡಿ ಕಟ್ಟೆಯ ಮೇಲೆ ಕುಳಿತ ಹಿರಿಯರೊಬ್ಬರು ನನ್ನನ್ನು ಕರೆದು ಬೆನ್ನು ತಟ್ಟಿದರು. ‘ಛಲೋ ಮಾಡಿದ್ಯಪಾ. ಹೆಣ್ಣಮಗಳಿಗ್ಯಾಕ ಬೇಕು ವಿಮಾನಾ? ಹೊಲಾ ಉಳೀತು.’ ನಾನು ಹೇಳಿದ್ದು ಅದಲ್ಲ ಎಂದು ಬಿಡಿಸಿ ಹೇಳಿದೆ. ಅವರು ನಕ್ಕು ಎಲೆ ಅಡಕಿ ಕೊಟ್ಟರು. ಇದೇ ನನಗೆ ಈ ಇಡೀ ಪ್ರಕರಣದಲ್ಲಿ ಹೆಚ್ಚು ಚುಚ್ಚಿದ್ದು. ಮಗಳಿಗಾಗಿ ಹೊಲ ಮಾರಲು ಹೊರಟ ಕಾಕಾ ಆ ಕಟ್ಟೆಯ ಮಂದಿಗಿಂತ ಎಷ್ಟೋ ಮುಂದಿದ್ದ. ಅವನಿಗೆ ಕೊರತೆಯಾಗಿದ್ದದ್ದು ಧೈರ್ಯವಲ್ಲ, ಮಾಹಿತಿ. ಆದರೆ ಒಂದು ಮಾಹಿತಿ ಊರಿನೊಳಗೆ ಇಳಿದಾಗ ಅದನ್ನು ಯಾರು ಹೇಗೆ ಬಳಸುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ. ‘ಈ ಕೋರ್ಸಿನಿಂದ ಹಾರಲು ಬರುವುದಿಲ್ಲ’ ಎಂದು ನಾನು ಹೇಳಿದ್ದು ‘ಹೆಣ್ಣು ಹಾರಬಾರದು’ ಎಂದು ಕೇಳಿಸಿತು.

ಜೂನ್ 12ರಂದು ಅಹಮದಾಬಾದ್‌ನಲ್ಲಿ ಏರ್ ಇಂಡಿಯಾ ವಿಮಾನ ಬಿತ್ತು. ಒಳಗಿದ್ದ 242 ಮಂದಿಯಲ್ಲಿ ಬದುಕಿದ್ದು ಒಬ್ಬರು. ಅವತ್ತು ಚಿಗವ್ವ ‘ಹೋಗದಿದ್ದದ್ದ ಪುಣ್ಯೇ’ ಎಂದು ದೇವರ ಮುಂದೆ ದೀಪ ಹಚ್ಚಿದಳು. ತಂಗಿ ಟಿವಿ ಮುಂದಿನಿಂದ ಏಳಲಿಲ್ಲ. ರಾತ್ರಿ ನನಗೆ ಫೋನು ಮಾಡಿ ಕೇಳಿದ್ದು ಮಾತ್ರ ಬೇರೆ: ವಿಮಾನ ಬೀಳುವ ಮುಂಚೆ ಪೈಲಟ್ ಯಾರ ಜೊತೆ ಮಾತಾಡುತ್ತಿದ್ದರು, ಆ ಕಡೆ ಕುಂತು ಕೇಳಿಸಿಕೊಂಡವರು ಆಮೇಲೆ ಏನು ಮಾಡುತ್ತಾರೆ ಎಂದು. ಕಂಟ್ರೋಲರ್ ಕೆಲಸದ ಬಗ್ಗೆ ಆಕೆ ತಾನಾಗಿ ಕೇಳಿದ್ದು ಅದೇ ಮೊದಲು.

ಈಗಲೂ ಆಕೆ ‘ನಾ ಹಾರಾಕಿ’ ಎನ್ನುವುದನ್ನು ಬಿಟ್ಟಿಲ್ಲ. ಎನ್‌ಡಿಎ ಪುಸ್ತಕ ತರಿಸಿಕೊಂಡಿದ್ದಾಳೆ. ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಇಂಗ್ಲಿಷ್ ಸುದ್ದಿ ಕೇಳುತ್ತಾಳೆ. ಎರಡನೇ ದರ್ಜೆಯ ವೈದ್ಯಕೀಯ ಪರೀಕ್ಷೆಗೆ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೇನೆ, ಹೆಸರಿನ ರೊಕ್ಕ ಬಂದ ಮೇಲೆ. ನನ್ನ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ. ಪೈಲಟ್ ಫೋಟೊದ ಆ ಕರಪತ್ರ ಆಕೆಯ ಭೌತಶಾಸ್ತ್ರದ ಪುಸ್ತಕದೊಳಗೆ ಈಗಲೂ ಇದೆ ಎಂದು ಚಿಗವ್ವ ಹೇಳಿದಳು.

ಈ ಬ್ಲಾಗ್ ಓದುವ ಬಹಳ ಮಂದಿ ನನ್ನಂತೆಯೇ ಹಳ್ಳಿಯ ಮನೆಗಳಿಗೆ ‘ಪೇಪರಿನವ’ರು. ಮೇ ತಿಂಗಳಲ್ಲಿ ನಿಮ್ಮನ್ನೂ ಯಾರಾದರೂ ಕರೆಸುತ್ತಾರೆ. ಏವಿಯೇಷನ್ ಇರಲಿ, ಬೇರೆ ಯಾವುದೇ ಹೊಸ ಹೆಸರಿನ ಕೋರ್ಸಿರಲಿ, ‘ಖರೇನೋ ಸುಳ್ಳೋ’ ಎಂಬುದಕ್ಕೆ ಉತ್ತರ ಕೊಟ್ಟು ಏಳಬೇಡಿ. ನಾನು ಕಾಕಾನ ಮನೆಯ ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟು ಬಂದ ನಾಲ್ಕು ಪ್ರಶ್ನೆ ಇವು:

ಕೊನೆಗೆ ಕೈಗೆ ಬರುವ ಕಾಗದ ಪದವಿಯೋ ಲೈಸನ್ಸೋ? ಅದನ್ನು ಕೊಡುವವರು ಯಾರು?

ಮಾಡಬೇಕೆಂದಿರುವ ಕೆಲಸಕ್ಕೆ ಆ ಕಾಗದ ಬೇಕೇ ಬೇಕೇ? ಆ ಕೆಲಸದ ನೇಮಕಾತಿ ಜಾಹೀರಾತಿನಲ್ಲಿ ಏನು ಬರೆದಿದೆ?

ಕರಪತ್ರದಲ್ಲಿ ಹೇಳಿದ ಫೀಯಲ್ಲಿ ಏನು ಸೇರಿಲ್ಲ? ಬರವಣಿಗೆಯಲ್ಲಿ ಕೊಡುತ್ತಾರೆಯೇ?

ನಡುವೆ ನಿಲ್ಲಿಸಬೇಕಾಗಿ ಬಂದರೆ ಎಷ್ಟು ತಿರುಗಿ ಬರುತ್ತದೆ?

ಕಳೆದ ವಾರ ಪಕ್ಕದ ಮನೆಯವರು ಬಂದು ಆ ಪ್ರಶ್ನೆಗಳನ್ನು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಹೋದರಂತೆ. ಅವರ ಮಗನಿಗೆ ನರ್ಸಿಂಗ್ ಸೀಟು ಕೊಡಿಸುತ್ತೇವೆ ಎಂದು ಯಾರೋ ಬಂದಿದ್ದಾರೆ.